ಫ್ರೆಂಡ್‌ಗೇ ರಿಕ್ವೈರ್ಸ್ ಹಾಕಿದೆ, ನಡೀತು

"ಅದು ಟೆಂಪ್ಲೇಟೇ ಅಲ್ಲ, ಸಾದಾ ಫ್ರೆಂಡ್. ಅದಕ್ಕೆ ಷರತ್ತು ಹೇಗೆ ಹಾಕ್ತೀಯ?" ಅಂತ ಜೊತೆಯವರು ನಕ್ಕಿದ್ದರು. ಹಾಕಿದೆ. ನಾಲ್ಕು ತಿಂಗಳಿಂದ ಓಡುತ್ತಿದೆ. ಇದು ಸಿ++ ಪ್ರೋಗ್ರಾಮಿಂಗ್ ಭಾಷೆಯ ಮಾತು. ಫ್ರೆಂಡ್ ಅಂದರೆ ಕ್ಲಾಸಿನ ಮೆಂಬರ್ ಅಲ್ಲದಿದ್ದರೂ ಅದರ ಒಳಗನ್ನು ಮುಟ್ಟಬಲ್ಲ ಫಂಕ್ಷನ್, ಟೆಂಪ್ಲೇಟ್ ಅಂದರೆ ಟೈಪ್ ತುಂಬಿದಾಗ ಕೋಡ್ ಆಗುವ ಅಚ್ಚು, ರಿಕ್ವೈರ್ಸ್ ಅಂದರೆ ಇದು ನಿಜವಾದರೆ ಮಾತ್ರ ಬಳಸು ಅನ್ನುವ ಷರತ್ತು.

ನನ್ನದೊಂದು ಕ್ಲಾಸ್ ಟೆಂಪ್ಲೇಟ್, ಹೆಸರು ಡಬ್ಬಿ. ಒಳಗಿನ ಟೈಪ್‌ಗೆ (ಅದನ್ನು ಟಿ ಅನ್ನೋಣ) ಎರಡು ಸಮವೇ ಅಂತ ನೋಡುವ == ಇದ್ದರೆ ಮಾತ್ರ ಡಬ್ಬಿಗೂ == ಇರಬೇಕು, ಇಷ್ಟೇ ಆಸೆ. ಷರತ್ತಿಲ್ಲದ ಫ್ರೆಂಡ್ ಇಟ್ಟಾಗ, == ಇಲ್ಲದ ಟೈಪ್ ತುಂಬಿದರೂ == ಇದೆಯಾ ಅಂತ ಪರೀಕ್ಷಿಸುವ ಈಕ್ವಾಲಿಟಿ ಕಂಪೇರಬಲ್ ಕಾನ್ಸೆಪ್ಟ್ ಹೌದು ಅನ್ನುತ್ತಿತ್ತು. ಅದು ನೋಡುವುದು ಡಿಕ್ಲರೇಷನ್, ಅಂದರೆ ಫಂಕ್ಷನ್‌ನ ತಲೆಸಾಲು ಮಾತ್ರ, ಬಾಡಿ ಒಳಗೆ ಇಣುಕುವುದಿಲ್ಲ ಅಲ್ವಾ. ಅದನ್ನು ನಂಬಿ ಬರೆದ ಕೋಡ್ ಇನ್ನೂರು ಸಾಲು ಎರರ್ ಉಗುಳುತ್ತಿತ್ತು.

ರಿಟರ್ನ್ ಟೈಪ್‌ನಲ್ಲಿ ಎನೇಬಲ್ ಇಫ್ (ಷರತ್ತು ಹಾಕುವ ಹಳೆಯ ಉಪಾಯ) ಹಾಕಿ ನೋಡಿದೆ. ಇನ್ನೂ ಕೆಟ್ಟಿತು. ಕ್ಲಾಸ್ ಇನ್‌ಸ್ಟಾನ್ಷಿಯೇಟ್ ಆಗುವಾಗಲೇ, ಅಂದರೆ ಟೈಪ್ ತುಂಬಿ ತಯಾರಾಗುವಾಗಲೇ, ಫ್ರೆಂಡ್‌ನ ಡಿಕ್ಲರೇಷನ್ನೂ ಆಗುತ್ತದೆ. ಹಾಗಾಗಿ == ಕರೆಯದೆ, ಸುಮ್ನೆ ಒಂದು ಡಬ್ಬಿ ಮಾಡಿದರೂ ಕಂಪೈಲ್ ನಿಂತುಹೋಯಿತು. ಆಮೇಲೆ ಆಪರೇಟರನ್ನೇ ಕ್ಲಾಸಿನ ಹೊರಗೆ ಟೆಂಪ್ಲೇಟ್ ಮಾಡಿದೆ. ಆಗ ಡಬ್ಬಿಯನ್ನು 5ರ ಜೊತೆ ಹೋಲಿಸುವುದು ಹೋಯಿತು, ಟಿ ಯಾವುದು ಅಂತ ಊಹಿಸುವ ಡಿಡಕ್ಷನ್, 5ನ್ನು ಡಬ್ಬಿಯಾಗಿ ಬದಲಿಸುವ ಕನ್ವರ್ಷನ್ ನೋಡುವುದಿಲ್ಲ. ಕೋಡ್ ಕಂಪೈಲ್ ಮಾಡುವ ಬಿಲ್ಡ್ ಸರ್ವರ್‌ಗೆ ನಿಮಿಷದ ಲೆಕ್ಕದಲ್ಲಿ ದುಡ್ಡು ಕಟ್ಟುವವನು ನಾನು. ಆ ತಿಂಗಳ ನಿಮಿಷಗಳು ಇಪ್ಪತ್ತನೇ ದಿನಕ್ಕೇ ಖಾಲಿ. ಎರಡು ವಾರದ ಕೆಲಸಕ್ಕೆ ಯಾರಿಗೂ ಬಿಲ್ ಹಾಕುವಂತಿರಲಿಲ್ಲ.

ಸಿ++20ರ ರಿಕ್ವೈರ್ಸ್ ಬೇರೆ ಥರ. ಕ್ಲಾಸ್ ತಯಾರಾಗುವಾಗ ಕಂಪೈಲರ್ ಆ ಷರತ್ತನ್ನು ಮುಟ್ಟುವುದೇ ಇಲ್ಲ, ಹಾಗೇ ಎತ್ತಿಡುತ್ತದೆ. == ಕರೆದು, ಒಂದೇ ಹೆಸರಿನ ಹಲವು ಫಂಕ್ಷನ್‌ಗಳಲ್ಲಿ (ಓವರ್‌ಲೋಡ್) ಒಂದನ್ನು ಆರಿಸುವಾಗ ಈ ಫ್ರೆಂಡ್ ಸಾಲಿಗೆ ಬಂದರೆ ಆಗ ತೂಗಿ ನೋಡುತ್ತದೆ. ಒಪ್ಪಿಗೆಯಾಗದಿದ್ದರೆ ತೆಪ್ಪಗೆ ಬಿಟ್ಟುಬಿಡುತ್ತದೆ.

ಇಲ್ಲೂ ಎಡವಿದೆ. ಚಂದ ಕಾಣಲಿ ಅಂತ ಬಾಡಿಯನ್ನು ಕ್ಲಾಸಿನ ಹೊರಗೆ ಬರೆದೆ, ಕಂಪೈಲರ್ ಒಪ್ಪಲಿಲ್ಲ. ಷರತ್ತಿರುವ ಇಂಥ ಫ್ರೆಂಡ್‌ನ ಡೆಫಿನಿಷನ್ ಕ್ಲಾಸ್ ಒಳಗೇ ಇರಬೇಕು, ಸ್ಟ್ಯಾಂಡರ್ಡ್‌ನಲ್ಲೇ ಇದೆ. ಅದಕ್ಕಿಂತ ದೊಡ್ಡ ಪೆದ್ದುತನ ಇನ್ನೊಂದು: ಷರತ್ತನ್ನು ಟಿ ಮೇಲೆ ಬರೆಯುವ ಬದಲು ಡಬ್ಬಿಯ ಮೇಲೇ ಬರೆದಿದ್ದೆ. ಡಬ್ಬಿಗೆ == ಇದೆಯಾ ಅಂತ ಕೇಳಿದರೆ ಇದೇ ಫ್ರೆಂಡ್ ಸಿಗುತ್ತದೆ, ಅದರ ಷರತ್ತು ಮತ್ತೆ ಅದನ್ನೇ ಕೇಳುತ್ತದೆ. ಷರತ್ತು ತನ್ನನ್ನೇ ಅವಲಂಬಿಸಿದೆ ಅಂತ ಜಿಸಿಸಿ ಕಂಪೈಲರ್ ನೇರವಾಗೇ ಬೈದಿತ್ತು. ನಾನೇ ಎರಡು ದಿನ ಓದದೆ ಸ್ಕ್ರೋಲ್ ಮಾಡಿದ್ದೆ!

ನಡುವೆ ಒಂದು ಆಟ. ಪ್ಯಾರಾಮೀಟರ್‌ಗಳಲ್ಲಿ ಟಿ ಎಲ್ಲೂ ಬಾರದ ಫ್ರೆಂಡ್ ಬರೆದು, ಕ್ಲಾಸನ್ನು ಎರಡು ಟೈಪ್‌ಗೆ ಬಳಸಿದೆ. ಎರಡು ಸಲ ಡಿಫೈನ್ ಆಗಿದೆ ಅಂತ ಎರರ್. ಟಿಯನ್ನು ಕೇಳುವ ಷರತ್ತು ಸೇರಿಸಿದೆ, ಎರರ್ ಮಾಯ. ಆಗ ಕಂಪೈಲರ್ ಅದನ್ನು ಹೆಚ್ಚುಕಡಿಮೆ ಆಯಾ ಕ್ಲಾಸಿನ ಮೆಂಬರ್ ಥರ ನೋಡುತ್ತದೆ, ಎರಡೂ ಬೇರೆ ಬೇರೆ ಫಂಕ್ಷನ್. ಇದರಿಂದ ಉಪಯೋಗವೇನೂ ಆಗಲಿಲ್ಲ, ಖುಷಿಯಾಯಿತು.

ಫುಲ್ ಬಿಲ್ಡ್ ಹನ್ನೊಂದು ನಿಮಿಷದಿಂದ ಎಂಟರ ಆಸುಪಾಸಿಗೆ ಇಳಿದಿದೆ. ಎಡಿಎಲ್‌ಗೆ (ಆರ್ಗ್ಯುಮೆಂಟಿನ ಟೈಪ್ ನೋಡಿ ಫಂಕ್ಷನ್ ಹುಡುಕುವ ಕ್ರಮ) ಮಾತ್ರ ಕಾಣುವ ಫ್ರೆಂಡ್ ಆದ್ದರಿಂದ, ಸಂಬಂಧವಿಲ್ಲದ ==ಗಳು ಇದನ್ನು ತಡಕುವುದಿಲ್ಲ. ಟಿಯ ಡೆಫಿನಿಷನ್ ಇನ್ನೂ ಪೂರ್ತಿಯಾಗದೆ ಇರುವಾಗಲೇ ಷರತ್ತು ಕೇಳಿದರೆ ಉತ್ತರ ಆಮೇಲೆ ಬದಲಾಗಿ ರಂಪವಾಗುತ್ತದೆ. ಅದನ್ನು ತಪ್ಪಿಸಲು ಒಂದು ಚಿಕ್ಕ ಮ್ಯಾಕ್ರೋ ಮಾಡಿಕೊಂಡಿದ್ದೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ನಕ್ಕವರಲ್ಲಿ ಒಬ್ಬರು ಹೋದ ವಾರ, ಪ್ರಿಂಟ್ ಮಾಡುವ ಆಪರೇಟರ್ ಬಗ್ಗೆ ಕೇಳಿದರು, "<< ಗೂ ಇದೇ ಥರ ಹಾಕಬಹುದಾ?" ಅಂತ.