ಬಾಗಿದ ಕಾಲನ್ನು ಎಳೆಯದೆ ಅಳೆದ ಬಗೆ: ನನ್ನ ಅನುಭವ

ಓ.ಐ. (ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ), ಅಂದರೆ ಮೂಳೆಗಳು ಸುಲಭವಾಗಿ ಮುರಿಯುವ ಹುಟ್ಟುಕಾಯಿಲೆ ಇರುವ ಮಕ್ಕಳ ಉದ್ದವನ್ನು ಭಾಗ ಭಾಗವಾಗಿ ಅಳೆಯುತ್ತೇನೆ ಎಂದಾಗ ವಿಭಾಗದ ಹಿರಿಯರು ಒಪ್ಪಿರಲಿಲ್ಲ. ಪ್ರತಿ ಭಾಗದ ತಪ್ಪೂ ಸೇರಿಕೊಂಡರೆ ಒಟ್ಟು ಮೊತ್ತಕ್ಕೆ ಅರ್ಥವೇ ಉಳಿಯುವುದಿಲ್ಲ ಎಂಬುದು ಅವರ ವಾದ. ನಾನು ಮೊತ್ತವನ್ನು ಕೂಡಿಸುವುದೇ ಇಲ್ಲ. ಹಾಳೆಯ ಮೇಲೆ ಒಂದೊಂದು ಭಾಗಕ್ಕೂ ಒಂದೊಂದು ಬೆಳವಣಿಗೆಯ ರೇಖೆ ಎಳೆಯುತ್ತೇನೆ. ಈಗ ಅದೇ ವಿಭಾಗದಲ್ಲಿ ನನ್ನ ಹಾಳೆಯೇ ಬಳಕೆಯಲ್ಲಿದೆ.

ಮೊದಲು ನೆಚ್ಚಿಕೊಂಡದ್ದು ದುಬಾರಿ ಉದ್ದಮಾಪಕವನ್ನು. ಸಲಕರಣೆಗೆಂದು ಇಟ್ಟ ಹಣದ ಬಹುಪಾಲು ಅದಕ್ಕೇ ಹೋಯಿತು. ಮಗುವಿನ ಮೊಣಕಾಲನ್ನು ಒತ್ತಿ ನೇರ ಮಾಡಿದರೆ ಮಾತ್ರ ಅದು ಸರಿಯಾದ ಅಂಕಿ ಕೊಡುತ್ತದೆ. ಡಯಪರ್ ಬದಲಿಸುವಾಗ ಪಾದ ಹಿಡಿದು ಎತ್ತಿದರೇ ತೊಡೆಮೂಳೆ ಮುರಿಯಬಹುದಾದ ಮಗುವಿಗೆ ಹಾಗೆ ಮಾಡುವಂತಿಲ್ಲ. ಯಂತ್ರ ಮೂಲೆ ಸೇರಿತು. ಉದ್ದಕ್ಕೆ ಬದಲಾಗಿ ಚಾಚಿದ ತೋಳುಗಳ ಅಳತೆಯನ್ನೂ ನೋಡಿದೆ. ಓ.ಐ.ಯ ತೀವ್ರ ರೂಪವಾದ ಮೂರನೇ ಬಗೆಯ ಮಕ್ಕಳಲ್ಲಿ ತೋಳುಗಳೂ ಬಾಗಿರುವುದರಿಂದ ಅದೂ ಕೈಕೊಟ್ಟಿತು. ಕೊನೆಗೆ ಕೆಲಸಕ್ಕೆ ಬಂದದ್ದು ಹಿಗ್ಗದ ಫೈಬರ್‌ಗ್ಲಾಸ್ ಟೇಪು, ಬಡಗಿಯಿಂದ ಮಾಡಿಸಿದ ಜಾರುವ ಅಳತೆಪಟ್ಟಿ. ಎರಡಕ್ಕೂ ಸೇರಿ ಆದ ಖರ್ಚು ಆ ಯಂತ್ರದ ಬೆಲೆಯ ನೂರರಲ್ಲಿ ಒಂದು ಪಾಲೂ ಇರಲಾರದು.

ಮಗುವನ್ನು ಕಂಕುಳಲ್ಲಿ ಹಿಡಿದು ಎತ್ತುವುದಿಲ್ಲ. ಬೆರಳು ಅಗಲಿಸಿದ ಒಂದು ಕೈ ಪೃಷ್ಠದ ಕೆಳಗೆ, ಇನ್ನೊಂದು ಕೈ ತಲೆ ಮತ್ತು ಭುಜದ ಕೆಳಗೆ. ಗಟ್ಟಿ ಹಾಸಿನ ಮೇಲೆ ಮಲಗಿಸಿ ನೆತ್ತಿಯಿಂದ ಪೃಷ್ಠ, ಸೊಂಟದ ಹೊರಮೂಳೆಯಿಂದ ಮೊಣಕಾಲು, ಮೊಣಕಾಲಿನಿಂದ ಹಿಮ್ಮಡಿ, ಹೀಗೆ ಅಳೆಯುತ್ತೇನೆ. ಕಾಲಿನ ಭಾಗಗಳಿಗೆ ಎರಡು ಅಳತೆ: ಟೇಪು ಬಾಗನ್ನು ಅನುಸರಿಸುತ್ತದೆ, ಪಟ್ಟಿ ನೇರ ಅಂತರ ಹೇಳುತ್ತದೆ. ಎರಡರ ನಡುವಿನ ವ್ಯತ್ಯಾಸ ಹೆಚ್ಚುತ್ತಾ ಹೋದರೆ ಮೂಳೆ ಇನ್ನಷ್ಟು ಬಾಗುತ್ತಿದೆ ಎಂದರ್ಥ. ಸಂಜೆಯ ಹೊತ್ತಿಗೆ ಬೆನ್ನು ಕುಗ್ಗುವುದರಿಂದ ಯಾವಾಗಲೂ ಬೆಳಿಗ್ಗೆಯೇ, ಒಬ್ಬರ ಕೈಯಿಂದಲೇ ಅಳತೆ. ಸೊಂಟದ ಗುರುತನ್ನು ಪ್ರತಿ ಸಲ ಒಂದೇ ಜಾಗದಲ್ಲಿ ಹಿಡಿಯಲು ನನ್ನದೊಂದು ಉಪಾಯವಿದೆ. ಅದನ್ನು ಮಗುವಿನ ಪಕ್ಕದಲ್ಲಿ ನಿಂತೇ ಕಲಿಸಬೇಕು, ಬರೆದು ಹೇಳುವುದಿಲ್ಲ.

ಹಿರಿಯರ ಮನಸ್ಸು ಬದಲಿಸಿದ್ದು ಒಬ್ಬಳು ಹುಡುಗಿಯ ಹಾಳೆ. ಒಟ್ಟು ಉದ್ದದ ರೇಖೆ ಸುಮಾರು ಒಂದು ವರ್ಷ ಅಲುಗಿರಲಿಲ್ಲ. ಬೆಳವಣಿಗೆ ನಿಂತಿದೆ ಎಂದು ಎಲ್ಲರೂ ತೀರ್ಮಾನಿಸಿದ್ದರು. ನನ್ನ ಹಾಳೆಯಲ್ಲಿ ಮೊಣಕಾಲಿನ ಕೆಳಗಿನ ಭಾಗ ಒಂದೂವರೆ ಸೆಂಟಿಮೀಟರಿನಷ್ಟು ಬೆಳೆದಿತ್ತು, ನೆತ್ತಿಯಿಂದ ಪೃಷ್ಠದವರೆಗಿನ ಅಳತೆ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು. ಬೆನ್ನಿನ ಎಕ್ಸ್-ರೇ ತೆಗೆದಾಗ ಕಶೇರುಕಗಳು ಕುಸಿದಿದ್ದವು. ಮಗು ಬೆಳೆಯುತ್ತಲೇ ಇತ್ತು, ಆ ಬೆಳವಣಿಗೆಯನ್ನು ಬೆನ್ನು ನುಂಗುತ್ತಿತ್ತು. ಆ ದಿನ ನನಗಾದ ಹೆಮ್ಮೆಯನ್ನು ಮುಚ್ಚಿಡಲಾರೆ.

ತೂಕವನ್ನು ಹಗುರವಾಗಿ ಕಾಣಬೇಡಿ, ಮೂಳೆ ಗಟ್ಟಿಮಾಡಲು ಕೊಡುವ ಪಮಿಡ್ರೊನೇಟ್ ಮತ್ತು ಜೋಲೆಡ್ರೊನಿಕ್ ಆಮ್ಲ ಎಂಬ ಔಷಧಗಳ ಪ್ರಮಾಣ ನಿಲ್ಲುವುದು ಅದರ ಮೇಲೆ. ತಾಯಿಯ ಜೊತೆ ತೂಗಿ ಕಳೆಯುವ ಕ್ರಮ ದೊಡ್ಡ ಮಕ್ಕಳಿಗೆ ಸಾಕು. ಐದಾರು ಕಿಲೋ ಮಗುವಿಗೆ ಎರಡೂ ತೂಕಗಳ ತಪ್ಪು ಸೇರಿ ದೊಡ್ಡದಾಗುತ್ತದೆ. ಫೋಮ್ ಹಲಗೆಯನ್ನು ಮೊದಲು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು, ಅದರ ಮೇಲೆ ಮಗುವನ್ನು ಮಲಗಿಸಿ. ಪ್ಲಾಸ್ಟರ್ ಇದ್ದರೆ ಬರೆದಿಡಿ. ಬಿ.ಎಂ.ಐ. (ಎತ್ತರಕ್ಕೆ ಹೋಲಿಸಿದ ತೂಕದ ಅಂಕಿ) ನೋಡಿ ಬೊಜ್ಜು ಎಂದು ಬರೆಯುವವರ ಮೇಲೆ ನನಗೆ ಸಿಟ್ಟಿದೆ. ಎತ್ತರವೇ ಕುಗ್ಗಿರುವಾಗ ಆ ಅಂಕಿ ತಾನಾಗಿಯೇ ಏರುತ್ತದೆ. ತಲೆ ದೊಡ್ಡದಾಗಿ ಕಾಣುವುದೂ ಇವರಲ್ಲಿ ಸಾಮಾನ್ಯ. ಆದರೆ ತಲೆಸುತ್ತಳತೆ ತನ್ನ ರೇಖೆ ಬಿಟ್ಟು ಮೇಲಕ್ಕೆ ಹಾರಿದರೆ ನರತಜ್ಞರಿಗೆ ತೋರಿಸಲು ತಡ ಮಾಡುವುದಿಲ್ಲ.

ಪಕ್ಕದಲ್ಲೇ ಇನ್ನೊಂದು ಪ್ರಯೋಗವೂ ನಡೆದಿದೆ. ಔಷಧ ಕೊಟ್ಟ ಪ್ರತಿ ಸಲವೂ ಮೂಳೆಯ ಬೆಳೆಯುವ ತುದಿಯಲ್ಲಿ ಒಂದು ಬಿಳಿ ಗೆರೆ ಉಳಿಯುತ್ತದಲ್ಲ, ಆ ಗೆರೆಗಳ ನಡುವಿನ ಅಂತರ ಎಂದರೆ ಒಂದು ಸಲ ಔಷಧ ಕೊಟ್ಟಾಗಿನಿಂದ ಮುಂದಿನ ಸಲದವರೆಗಿನ ಬೆಳವಣಿಗೆಯೇ. ಬೇರೆ ಕಾರಣಕ್ಕೆ ತೆಗೆದ ಹಳೆಯ ಎಕ್ಸ್-ರೇಗಳಲ್ಲಿ ಮೊಣಕಾಲಿನ ಕೆಳಮೂಳೆಯ ಎರಡೂ ತುದಿಗಳ ಅಂತರ ಕೂಡಿಸಿ ನೋಡಿದೆ. ನನ್ನ ಪಟ್ಟಿಯ ಅಂಕಿಗೆ ಬಹುತೇಕ ಮಕ್ಕಳಲ್ಲಿ ಎರಡು ಮೂರು ಮಿಲಿಮೀಟರ್ ಆಚೀಚೆ ಹೊಂದಿತು. ಶಸ್ತ್ರಚಿಕಿತ್ಸೆಯಲ್ಲಿ ಮೂಳೆಯ ಒಳಗೆ ಲೋಹದ ಸರಳು ಹಾಕಿದ ಕಾಲುಗಳನ್ನು ಇನ್ನೂ ಹೋಲಿಸಿಲ್ಲ, ಮುಂದಿನ ಸರದಿ ಅವುಗಳದೇ.