ಪಾಲು ಕೊಡುವುದು ಸುಲಭ, ಮರಳಿ ಕೊಳ್ಳುವುದು ಹೇಗೆ?

ಹುಬ್ಬಳ್ಳಿಯ ನಮ್ಮ ಸಾಫ್ಟ್‌ವೇರ್ ಸೇವಾ ಕಂಪನಿಯಲ್ಲಿ ಕೋಡ್ ಬರೆಯುವವರು, ಟೆಸ್ಟಿಂಗ್ ಮಾಡುವವರು, ಲೆಕ್ಕಪತ್ರ ನೋಡುವಾಕೆ ಎಲ್ಲರೂ ಮಾಲೀಕರು. ಹೊರಗಿನವರ ದುಡ್ಡು ಒಂದು ರೂಪಾಯಿಯೂ ಇಲ್ಲ. ಇಂಥದ್ದೇ ಶುರು ಮಾಡಬೇಕೆಂದು ಬರುವ ಹುಡುಗರು ಮೊದಲು ಕೇಳುವುದು, ಯಾರಿಗೆ ಎಷ್ಟು ಪಾಲು ಅಂತ. ನನ್ನ ಮರುಪ್ರಶ್ನೆ ಬೇರೆ: ನಾಳೆ ಒಬ್ಬ ಬಿಟ್ಟು ಹೊಂಟರೆ ಅವನ ಪಾಲನ್ನು ಯಾರು, ಯಾವ ಬೆಲೆಗೆ ತಗೊಳ್ತೀರಿ?

ನೋಂದಣಿಯ ದಾರಿ ಹುಡುಕುವುದಕ್ಕೇ ಬಹಳ ತಲೆ ಕೆಡಿಸಿಕೊಂಡೆವು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ನೆಲ ಇದು. ಸಹಜವಾಗಿ ನಮಗೂ ಸಹಕಾರಿಯೇ ಮೊದಲು ಹೊಳೆದದ್ದು. ಒಬ್ಬರಿಗೆ ಒಂದೇ ಮತ ಎಂಬ ನಿಯಮ ಎಲ್ಲರಿಗೂ ಹಿಡಿಸಿತ್ತು. ಆದರೆ ಕೆಲಸ ಕೊಡುವ ಮುಂಚೆ ತುಂಬಿಕೊಡಿ ಅಂತ ನಮ್ಮ ಗ್ರಾಹಕರು ಕಳಿಸಿದ ವೆಂಡರ್ ಫಾರ್ಮ್‌ಗಳಲ್ಲಿ ಸಹಕಾರ ಸಂಘಕ್ಕೆ ಜಾಗವೇ ಇರಲಿಲ್ಲ.

ಆಮೇಲೆ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ. 2008ರ ಕಾಯ್ದೆ; ಇಬ್ಬರಿದ್ದರೆ ಸಾಕು, ಮೇಲೆ ಎಷ್ಟು ಮಂದಿಯಾದರೂ ಸೇರಬಹುದು. ಬಹುತೇಕ ಅದೇ ಅಂತ ಆಗಿತ್ತು. ಧಾರವಾಡದ ನಮ್ಮ ಸಿಎ ಒಂದು ಹಾಳೆಯ ಮೇಲೆ ಲೆಕ್ಕ ಹಾಕಿ ತೋರಿಸಿದರು. ದುಡಿಯುವ ಪಾಲುದಾರರಿಗೆ ಕೊಡುವ ಸಂಬಳವನ್ನೆಲ್ಲ ಖರ್ಚೆಂದು ತೋರಿಸಲು ಬರುವುದಿಲ್ಲ. ಸಂಬಳ ಕಳೆಯುವ ಮುಂಚಿನ ಲಾಭದಲ್ಲಿ ಮೊದಲ 6 ಲಕ್ಷದ ಆಚೆಗೆ ಶೇ. 60ರಷ್ಟು ಮಾತ್ರ. ಉಳಿದ ಶೇ. 40ರ ಮೇಲೆ ಸಂಸ್ಥೆ ಶೇ. 30ರಂತೆ ತೆರಿಗೆ ಕಟ್ಟಬೇಕು. ಇಬ್ಬರು ಪಾಲುದಾರರು, ಹತ್ತು ನೌಕರರು ಇರುವಲ್ಲಿ ಇದು ಅಷ್ಟಾಗಿ ತಟ್ಟುವುದಿಲ್ಲ. ಗಳಿಸಿದ್ದೆಲ್ಲ ಪಾಲುದಾರರ ಪಗಾರಕ್ಕೇ ಹೋಗುವ ನಮ್ಮಂಥವರಿಗೆ ಸರಿಯಾಗಿಯೇ ತಟ್ಟುತ್ತದೆ. ಮೇಲಾಗಿ ಪಾಲುದಾರ ನೌಕರನಲ್ಲ. ಪಿಎಫ್ ಇಲ್ಲ, ಪಗಾರದ ಚೀಟಿ ಇಲ್ಲ. ಹೋಂ ಲೋನಿಗೂ ತ್ರಾಸು, ಕನ್ಯಾ ನೋಡಲು ಹೋದಲ್ಲೂ ತ್ರಾಸು.

ಕಡೆಗೆ ಪ್ರೈವೇಟ್ ಲಿಮಿಟೆಡ್. ಅದಕ್ಕೆ 200 ಸದಸ್ಯರ ಮಿತಿ ಇದೆ, ಆದರೆ ಷೇರು ಹಿಡಿದ ನೌಕರರು ಆ ಲೆಕ್ಕಕ್ಕೆ ಬರುವುದಿಲ್ಲ. ಷೇರುದಾರನಾಗಿದ್ದೂ ಪಗಾರ ತೆಗೆದುಕೊಳ್ಳಬಹುದು. ಎಲ್ಲರಿಗೂ ಸಮ ಷೇರು ಕೊಟ್ಟೆವು. ಸಹಕಾರಿಯ ಸಮಾನ ಮತ ಹಿಂಬಾಗಿಲಿಂದ ಬಂತು. ಪಗಾರ ಮಾತ್ರ ಸಮ ಇಲ್ಲ, ಇರಬೇಕೆಂದು ನನಗನಿಸುವುದೂ ಇಲ್ಲ. ಆದರೆ ಯಾರದು ಎಷ್ಟು ಎಂಬುದು ಎಲ್ಲರಿಗೂ ಗೊತ್ತಿದೆ.

ಇಷ್ಟಾದ ಮೇಲೆ ಬಿಟ್ಟು ಹೋಗುವವರ ಕಲಂ. ಪ್ರೈವೇಟ್ ಕಂಪನಿಯ ನಿಯಮಾವಳಿಯಲ್ಲಿ ಷೇರು ವರ್ಗಾವಣೆಗೆ ನಿರ್ಬಂಧ ಇರಲೇಬೇಕೆಂದು ಕಾನೂನೇ ಹೇಳುತ್ತದೆ. ಅದನ್ನೇ ನಾವು ಬಳಸಿಕೊಂಡೆವು. ಕೆಲಸ ಬಿಟ್ಟವರು ಷೇರನ್ನು ಒಳಗಿನವರಿಗೇ ಮಾರಬೇಕು. ಬೆಲೆ, ಕೊನೆಯ ಆಡಿಟ್ ಆದ ಬ್ಯಾಲೆನ್ಸ್ ಶೀಟಿನ ಪುಸ್ತಕ ಮೌಲ್ಯ, ಅಂದರೆ ಆಸ್ತಿಯಲ್ಲಿ ಸಾಲ ಕಳೆದು ಉಳಿದದ್ದರಲ್ಲಿ ಆ ಷೇರಿನ ಪಾಲು. ಹಣ ವರ್ಷದೊಳಗೆ ಕಂತಿನಲ್ಲಿ. ಆ ಬೆಲೆ ಏರಿ ಹೊಸಬರಿಗೆ ಎಟುಕದಂತಾಗಬಾರದೆಂದು ಮೂರು ತಿಂಗಳ ಪಗಾರದಷ್ಟು ಠೇವಣಿ ಇಟ್ಟು, ಮಿಕ್ಕ ಲಾಭವನ್ನು ಬೋನಸ್ಸಾಗಿ ಹಂಚುತ್ತೇವೆ.

ಬೆಂಗಳೂರಿಗೆ ಹೊಂಟ ಗೆಳೆಯನೊಬ್ಬ ಈ ಬೆಲೆಗೆ ತಕರಾರು ತೆಗೆದ. ಮುಂದಿನ ವರ್ಷದ ಕಾಂಟ್ರಾಕ್ಟು ಬಂದದ್ದು ತನ್ನ ಕೆಲಸದಿಂದ, ಅದು ಯಾವ ಬ್ಯಾಲೆನ್ಸ್ ಶೀಟಿನಲ್ಲಿದೆ ಅಂದ. ಮಾತು ನಿಜವೇ. ಲೆಕ್ಕಪತ್ರದಾಕೆ ಕೇಳಿದ್ದು ಇಷ್ಟೇ: "ನೀ ಒಳಗ ಬರೂ ಮುಂದ ಆ ಬೆಲಿ ಕೊಟ್ಟು ಬಂದಿದ್ದಿ ಏನು?" ಅವನೂ ಪುಸ್ತಕದ ಬೆಲೆಗೇ ಬಂದಿದ್ದ. ಆದರೂ ಅವನ ಮಾತಿನಿಂದ ಒಂದು ತಿದ್ದುಪಡಿ ಆಯಿತು: ಯಾರಾದರೂ ಬಿಟ್ಟ ಮೂರು ವರ್ಷದೊಳಗೆ ಕಂಪನಿ ಹೊರಗಿನವರಿಗೆ ಮಾರಾಟವಾದರೆ, ಬೆಲೆಯ ವ್ಯತ್ಯಾಸ ಅವರಿಗೂ ಸಲ್ಲಬೇಕು. ಈ ಕಲಂ ಇಲ್ಲದಿದ್ದರೆ ಉಳಿದವರು ಕಾದು ಕುಳಿತು ಮಾರಿಕೊಳ್ಳಬಹುದಿತ್ತು.

ಅವನ ಷೇರು ಕೊಂಡಾಕೆ ಹಾವೇರಿಯ ಹುಡುಗಿ. ದುಡ್ಡು ಪಗಾರದಲ್ಲಿ ಮುರಿದುಕೊಳ್ಳುತ್ತಿದ್ದೇವೆ. ಕಂತು ಮುಗಿದರೆ ನಿರ್ದೇಶಕಿಯಾಗಲು ನಿಲ್ಲಬಹುದು, ನಿಲ್ಲುತ್ತೇನೆ ಅಂದಿದ್ದಾಳೆ. ಮೊದಲ ಮೀಟಿಂಗಿನಲ್ಲೇ ನನ್ನ ಪಗಾರದ ವಿಷಯ ತೆಗೆಯುತ್ತಾಳಂತೆ.