ಕರಿಘಟ್ಟದ ಕೆಳಗೆ ಗುಂಡಿ ತೋಡಿದಾಗ

ಶ್ರೀರಂಗಪಟ್ಟಣದ ಹತ್ತಿರ, ಕರಿಘಟ್ಟದ ಬುಡದಲ್ಲಿ ಲೋಕಪಾವನಿ ಬಂದು ಕಾವೇರಿ ಸೇರುತ್ತಾಳೆ. ಹಳೇ ಪ್ರವಾಹದ ಗುರುತು ಹುಡುಕಲು ನಾನು ಆರಿಸಿಕೊಂಡ ಜಾಗ ಅದು. ಕಾವೇರಿ ತುಂಬಿ ಬಂದಾಗ ನೀರು ಈ ಚಿಕ್ಕ ಹೊಳೆಯೊಳಕ್ಕೆ ಹಿಂದಕ್ಕೆ ಏರುತ್ತದೆ. ಅಲ್ಲಿ ಸೆಳೆತ ಇರುವುದಿಲ್ಲ. ಹೊತ್ತು ತಂದ ನುಣ್ಣನೆ ಮರಳು, ಗೋಡು ಎಲ್ಲಾ ಅಲ್ಲೇ ಕೂರುತ್ತದೆ.

ದಡದಲ್ಲಿ ಆಳುದ್ದ ಗುಂಡಿ ತೋಡಿಸಿ, ಒಂದು ಮಗ್ಗುಲನ್ನು ಕರಣೆಯಿಂದ ಕೆರೆದೆ. ಮೇಲೆ ಎರೆಹುಳು ಕೊರೆದ ಕಂದು ಮಣ್ಣು. ಅದರ ಕೆಳಗೆ ನಾಲ್ಕು ಬೆರಳು ದಪ್ಪ ಬೂದು ಮರಳು, ಬಿಸಿಲಿಗೆ ಕಾಗೆಬಂಗಾರದ ಮಿನುಗು. ಮತ್ತೆ ಕಂದು, ಮತ್ತೆ ಮರಳು. ಮೊದಲ ಮರಳಿನ ಪದರ ಕಂಡಾಗ ತುಂಬಾ ಹಳೇದು ಅಂದುಕೊಂಡೆ. ಇನ್ನೊಂದಿಷ್ಟು ಕೆರೆದರೆ ಅದರಡಿಯಲ್ಲಿ ಹಾಲಿನ ಪ್ಲಾಸ್ಟಿಕ್ ಕವರ್! ಅವತ್ತಿನಿಂದ, ಲ್ಯಾಬಿನಿಂದ ಲೆಕ್ಕ ಬರುವ ತನಕ ನಾನು ಯಾವ ಪದರಕ್ಕೂ ವಯಸ್ಸು ಹೇಳುವುದಿಲ್ಲ. ಇದ್ದಿಲ ಚೂರು ಸಿಕ್ಕರೆ ಕಾರ್ಬನ್ ಪರೀಕ್ಷೆ. ಸಿಗದಿದ್ದರೆ, ಮರಳಿನ ಕಣ ಕೊನೆಯ ಸಲ ಬಿಸಿಲು ಕಂಡಿದ್ದು ಯಾವಾಗ ಅಂತ ಪತ್ತೆ ಮಾಡುತ್ತಾರೆ. ಅದಕ್ಕೇ ಕಬ್ಬಿಣದ ಕೊಳವೆ ಬಡಿದು, ಎರಡೂ ಬಾಯಿ ಮುಚ್ಚಿ, ಕಪ್ಪು ಬಟ್ಟೆ ಸುತ್ತಿ ಕಳಿಸಬೇಕು. ಒಂದು ಚೂರು ಬೆಳಕು ಸೋಕಿದರೂ ಮಾದರಿ ಕೆಟ್ಟ ಹಾಗೆ.

ಇಷ್ಟೆಲ್ಲಾ ಯಾಕೆ? ಹೊಳೆ ನೀರು ಅಳೆದು ಬರೆದಿಟ್ಟ ಲೆಕ್ಕ ನಮ್ಮಲ್ಲಿ ನೂರು ವರ್ಷದ ಆಸುಪಾಸಿನದು. 1924ರ ಜುಲೈನ ಮಹಾಪ್ರವಾಹವೇ ದೊಡ್ಡದು ಅಂತ ಅಜ್ಜಂದಿರು ಹೇಳುತ್ತಿದ್ದರು. ಆಗ ಕನ್ನಂಬಾಡಿ ಕಟ್ಟೆ ಕೆಲಸ ಇನ್ನೂ ನಡೆಯುತ್ತಿತ್ತು. ಅದಕ್ಕೂ ಹಿಂದಿನದನ್ನು ಹೇಳಬೇಕಾದ್ದು ಮಣ್ಣೇ. ನರ್ಮದೆಯ ಬಂಡೆ ಕಣಿವೆಗಳಲ್ಲಿ ಹೀಗೇ ಪದರ ಓದಿ, ಸಾವಿರಕ್ಕೂ ಜಾಸ್ತಿ ವರ್ಷದ ಪ್ರವಾಹಗಳನ್ನು ಗುರುತಿಸಿದ್ದಾರೆ.

ಪದರದ ಎತ್ತರ, ಹೊಳೆಯ ಅಗಲ, ತಳದ ಇಳಿಜಾರು ಅಳೆದರೆ ಎಷ್ಟು ಕ್ಯುಸೆಕ್ ಹರಿದಿರಬೇಕು ಅನ್ನುವ ಲೆಕ್ಕ ಸಿಗುತ್ತದೆ. ಇಲ್ಲಿ ತಳ ಬಂಡೆಯಾದ್ದರಿಂದ ಜಾಸ್ತಿ ಸವೆದಿಲ್ಲ, ಲೆಕ್ಕ ನಂಬಬಹುದು. ಕಟ್ಟೆ ಇದೆಯಲ್ಲಾ ಅಂತ ಎಷ್ಟೋ ಜನ ಸುಮ್ನೆ ಇರುತ್ತಾರೆ. 124.80 ಅಡಿ ತುಂಬಿದ ಮೇಲೆ ಬಂದ ನೀರನ್ನು ಬಂದಷ್ಟೂ ಬಿಡಲೇಬೇಕು, ಅಲ್ವಾ? ಅದನ್ನು ನೆನೆದರೆ ದಡಕ್ಕೆ ಅಂಟಿ ಏಳುತ್ತಿರುವ ಮನೆಗಳನ್ನು ಕಂಡು ನನಗೆ ಸಂಕಟವಾಗುತ್ತದೆ.

ಜಮೀನಿನ ಗೌಡರು ಹೊಸ ಕೊಟ್ಟಿಗೆಗೆ ದಾರ ಕಟ್ಟಿದ್ದರು. 2019ರ ನೀರು ನಿಂತ ಜಾಗದಿಂದ ಒಂದು ಮೊಳ ಮೇಲೆ. ದಡದ ಮೇಲ್ಭಾಗದಲ್ಲಿ ಕಂಡ ಮರಳಿನ ಪದರ ಅದಕ್ಕೂ ಎರಡು ಮೊಳ ಮೇಲಿತ್ತು. ಕರೆದು ತೋರಿಸಿದೆ.

"ಇದ್ಕಿಂತ ಮೇಲೆ ಬತ್ತದಾ ಸಾರ್?"

"ಬರಬಹುದು ಗೌಡ್ರೇ. ಇಲ್ಲಿ ತನಕ ಅಂತೂ ಬಂದೇ ಬಂದಿತ್ತು ಅಂತ ಮಾತ್ರ ಈ ಮರಳು ಹೇಳುತ್ತೆ."

ಅವರು ಮರಳನ್ನು ಬೆರಳಲ್ಲಿ ಉಜ್ಜಿ ನೋಡಿದರು. ಆಮೇಲೆ ಹೋಗಿ ಗೂಟ ಕಿತ್ತರು.